ವೆನಿಜೆಲೊಸ್ ಕುರಿತು ವ್ಯಕ್ತಿಚಿತ್ರ ಬರೆಯುವುದು ಹೇಗೆ?

ಗ್ರೀಸ್‌ನ ಪ್ರಧಾನಿಯಾಗಿದ್ದ ಎಲೆಫ್ಥೆರಿಯೊಸ್ ವೆನಿಜೆಲೊಸ್ ಅವರ ವ್ಯಕ್ತಿಚಿತ್ರ ಬರೆಯಲು ಹೊರಟವರು ಮೊದಲು ತಾರೀಖುಗಳ ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. 1923ರವರೆಗೆ ಗ್ರೀಸ್ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಬಳಸುತ್ತಿತ್ತು. ಆ ವರ್ಷ ಇಂದಿನ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾದಾಗ ಫೆಬ್ರುವರಿ 15ರ ಮರುದಿನವೇ ಮಾರ್ಚ್ 1 ಬಂದಿತು. ಆದ್ದರಿಂದ ಅವರು ಹುಟ್ಟಿದ್ದು 1864ರ ಆಗಸ್ಟ್ 11 ಎಂದು ಒಂದು ಆಕರವೂ ಆಗಸ್ಟ್ 23 ಎಂದು ಇನ್ನೊಂದು ಆಕರವೂ ಹೇಳಿದರೆ ಎರಡೂ ಸರಿಯೇ. ಹತ್ತೊಂಬತ್ತನೆಯ ಶತಮಾನದ ಹಳೆಯ ತಾರೀಖಿಗೆ 12 ದಿನ, ಇಪ್ಪತ್ತನೆಯದಕ್ಕೆ 13 ದಿನ ಕೂಡಿಸಿ, ಲೇಖನದುದ್ದಕ್ಕೂ ಒಂದೇ ಪದ್ಧತಿಯನ್ನು ಪಾಲಿಸಿ.

‘ಗ್ರೀಸ್‌ನಲ್ಲಿ ಜನಿಸಿದರು’ ಎಂದು ಬರೆಯಬೇಡಿ. ಅವರ ಊರು ಕ್ರೀಟ್ ದ್ವೀಪದ ಮೂರ್ನಿಯೆಸ್; ಆಗ ಅದು ಆಟೋಮನ್ ಆಳ್ವಿಕೆಯಲ್ಲಿತ್ತು. 1905ರಲ್ಲಿ, ಕ್ರೀಟ್ ಗ್ರೀಸ್‌ಗೆ ಸೇರಬೇಕೆಂದು ನಡೆದ ತೆರಿಸೊ ಬಂಡಾಯದ ಮುಂದಾಳಾಗಿದ್ದ ಈ ವಕೀಲರನ್ನು, 1909ರಲ್ಲಿ ಗೂದಿ ಎಂಬಲ್ಲಿ ಸರ್ಕಾರದ ವಿರುದ್ಧ ದಂಗೆಯೆದ್ದ ಸೇನಾಧಿಕಾರಿಗಳು ಅಥೆನ್ಸ್‌ಗೆ ಕರೆಸಿಕೊಂಡರು. 1910ರಲ್ಲಿ ಅವರು ಪ್ರಧಾನಿಯಾದರು. ಹುಟ್ಟೂರು ಗ್ರೀಸ್‌ಗೆ ಸೇರಿದ್ದು ಅದಾದ ಮೂರು ವರ್ಷಕ್ಕೆ, ಬಾಲ್ಕನ್ ಯುದ್ಧಗಳ ಬಳಿಕ.

ಹೆಚ್ಚು ಜಾಗ ಕೊಡಬೇಕಾದದ್ದು 1915ರಿಂದ 1920ರವರೆಗಿನ ಅವಧಿಗೆ. ಮಹಾಯುದ್ಧದಲ್ಲಿ ಬ್ರಿಟನ್–ಫ್ರಾನ್ಸ್ ಪಕ್ಷ ಸೇರಬೇಕೆಂದು ವೆನಿಜೆಲೊಸ್ ಪಟ್ಟು ಹಿಡಿದರೆ, ಜರ್ಮನ್ ಚಕ್ರವರ್ತಿಯ ತಂಗಿಯನ್ನು ಮದುವೆಯಾಗಿದ್ದ ದೊರೆ ಕಾನ್‌ಸ್ಟಂಟೈನ್ ತಟಸ್ಥರಾಗಿರಲು ಬಯಸಿದರು. ಒಂದೇ ವರ್ಷದಲ್ಲಿ ಎರಡು ಸಲ ರಾಜೀನಾಮೆಯಿತ್ತ ವೆನಿಜೆಲೊಸ್ 1916ರಲ್ಲಿ ಥೆಸಲೋನಿಕಿಯಲ್ಲಿ ಪರ್ಯಾಯ ಸರ್ಕಾರವನ್ನೇ ಕಟ್ಟಿದರು. ಆ ಡಿಸೆಂಬರ್‌ನಲ್ಲಿ ಅಥೆನ್ಸ್‌ನ ಆರ್ಚ್‌ಬಿಷಪ್ ಅವರಿಗೆ ಶಾಪ ಹಾಕಿದಾಗ, ಜನ ಒಂದೊಂದು ಕಲ್ಲು ತಂದು ಹಿಡಿಶಾಪದೊಡನೆ ರಾಶಿಗೆ ಎಸೆದರು. ಹೊಸ ಎಣಿಕೆಯಲ್ಲಿ ಅಂದು ಡಿಸೆಂಬರ್ 25. ಅಥೆನ್ಸ್‌ನವರಿಗೆ ಮಾತ್ರ 12. ‘ಕ್ರಿಸ್ಮಸ್ ದಿನದ ಶಾಪ’ ಎಂದು ಬಣ್ಣಿಸುವ ಆಸೆ ಇಲ್ಲಿ ಬೇಡ.

1920ರ ಆಗಸ್ಟ್ 10ರಂದು, ಯುದ್ಧದಲ್ಲಿ ಸೋತ ಆಟೋಮನ್ ಸಾಮ್ರಾಜ್ಯದೊಡನೆ ಸೆವ್ರ್ ಒಪ್ಪಂದವಾಯಿತು. ಎರಡೇ ದಿನಕ್ಕೆ ಪ್ಯಾರಿಸ್‌ನ ಲಿಯೋನ್ ರೈಲುನಿಲ್ದಾಣದಲ್ಲಿ ಅವರ ಮೇಲೆ ಗುಂಡು ಹಾರಿತು. ನವೆಂಬರ್‌ನಲ್ಲಿ ತಮ್ಮ ಕ್ಷೇತ್ರವನ್ನೂ ಸೋತರು. 1922ರಲ್ಲಿ ಏಷ್ಯಾ ಮೈನರ್‌ನಲ್ಲಿ (ಇಂದಿನ ಟರ್ಕಿ) ತುರ್ಕರ ಎದುರು ಗ್ರೀಕ್ ಸೇನೆ ಕಂಡ ಸೋಲಿನ ಹೊಣೆಯನ್ನು ಪೂರ್ತಿ ವಿರೋಧಿಗಳ ತಲೆಗೆ ಕಟ್ಟುವ ಬರಹಗಳಿವೆ. 1919ರಲ್ಲಿ ಅಲ್ಲಿನ ಸ್ಮಿರ್ನಾ ನಗರಕ್ಕೆ (ಇಂದಿನ ಇಜ್ಮಿರ್) ಸೇನೆ ಕಳಿಸಿದ್ದು ವೆನಿಜೆಲೊಸ್ ಎಂಬುದನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ನಡೆದ ಶಾಂತಿ ಮಾತುಕತೆಯಲ್ಲಿ ಅವರೇ ಗ್ರೀಸ್ ಪರ ಒಪ್ಪಿಕೊಂಡ, ಟರ್ಕಿಯೊಡನೆ ನಡೆದ ಜನವಿನಿಮಯದ ವ್ಯಾಪ್ತಿಗೆ ಸುಮಾರು 12 ಲಕ್ಷ ಕ್ರೈಸ್ತರು ಬಂದರು. ಅವರಲ್ಲಿ ಹೆಚ್ಚಿನವರು ಅದಾಗಲೇ ಊರು ಬಿಟ್ಟು ಓಡಿಬಂದವರು.

ಕೊನೆಯ ಘಟ್ಟವನ್ನು ಚುಟುಕಾಗಿ ಮುಗಿಸಬಹುದು: 1928–32ರ ಆಡಳಿತ, 1930ರಲ್ಲಿ ಟರ್ಕಿಯೊಡನೆ ಸ್ನೇಹ ಒಪ್ಪಂದ, 1935ರ ವಿಫಲ ದಂಗೆ, 1936ರ ಮಾರ್ಚ್ 18ರಂದು ಪ್ಯಾರಿಸ್‌ನಲ್ಲಿ ಸಾವು. ಮುಂದೆ ಪ್ರಧಾನಿಯಾದ ಸೊಫೊಕ್ಲಿಸ್ ವೆನಿಜೆಲೊಸ್ ಇವರ ಮಗ. ಹೆಸರು ಅದಲುಬದಲಾಗದಂತೆ ನೋಡಿಕೊಳ್ಳಿ. ಗ್ರೀಸ್‌ನ ಬೀದಿಫಲಕಗಳಲ್ಲಿ ಕಾಣುವ ‘ವೆನಿಜೆಲೂ’ ಬೇರೊಂದು ಹೆಸರಲ್ಲ, ಅದೇ ಹೆಸರಿನ ಷಷ್ಠೀ ವಿಭಕ್ತಿ ರೂಪ.