ಲಿವರ್ ರೈಫಲ್‌ನ ಹಗುರ ತೋಟಾಕ್ಕೆ ಎರಕದ ಸೀಸದ ಗುಂಡು: ಮೊದಲು ಅಳತೆ, ಕೊನೆಗೆ ಗಡಸು

ವಿಂಚೆಸ್ಟರ್ 94 ಮತ್ತು ಮಾರ್ಲಿನ್ 336, ಅಮೆರಿಕದ ಬೇಟೆಗಾರರ ಮನೆಗಳಲ್ಲಿ ಇವತ್ತಿಗೂ ಧಾರಾಳವಾಗಿ ಕಾಣಸಿಗುವ, ಟ್ರಿಗರ್ ಕೆಳಗಿನ ಹಿಡಿಯನ್ನು ಆಡಿಸಿ ತೋಟಾ ಏರಿಸುವ ಲಿವರ್ ರೈಫಲ್‌ಗಳು. ಎರಡಕ್ಕೂ ಹೆಚ್ಚಾಗಿ ಬಳಕೆಯಾಗುವುದು .30-30 ತೋಟಾ. 1895ರಲ್ಲಿ ಮಾರುಕಟ್ಟೆಗೆ ಬಂದ ಈ ತೋಟಾ 170 ಗ್ರೇನ್, ಅಂದರೆ ಸುಮಾರು 11 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ 2,200 ಅಡಿಯ ಆಸುಪಾಸಿನ ವೇಗದಲ್ಲಿ ಹಾರಿಸುತ್ತದೆ. ಜಿಂಕೆ ಬೇಟೆಗೆ ಆ ಬಲ ಬೇಕು. 50 ಗಜ ದೂರದ ಕಾಗದದ ಗುರಿಗೆ ಬೇಕಿಲ್ಲ. ಅದಕ್ಕೇ ತಾವೇ ತೋಟಾ ತುಂಬಿಕೊಳ್ಳುವವರು ತಾಮ್ರದ ಹೊದಿಕೆಯ ಗುಂಡನ್ನು ಬಿಟ್ಟು ಎರಕದ ಸೀಸದ ಗುಂಡು ಹಾಕಿ, ವೇಗವನ್ನು 1,000–1,400 ಅಡಿಯ ಮಟ್ಟಕ್ಕೆ ಇಳಿಸುತ್ತಾರೆ. ಭುಜಕ್ಕೆ ಒದೆತ ಕಡಿಮೆ, ಸದ್ದು ಕಡಿಮೆ, ಖರ್ಚೂ ಕಡಿಮೆ. ಹೊಸದಾಗಿ ಕಲಿಯುವವರು ಬೆಚ್ಚದೆ ಗುರಿ ಹಿಡಿಯಬಹುದು.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡಬೇಕು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಫೆಡರಲ್ ಪರವಾನಗಿ ಬೇಡ. ಮಾರಾಟಕ್ಕೆ ತಯಾರಿಸಲು ಬೇಕು. ರಾಜ್ಯಗಳ ನಿಯಮ ಬೇರೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಕಡ್ಡಾಯ. ಹಾಗಾಗಿ ಮುಂದಿನ ವಿವರಗಳೆಲ್ಲ ಅಮೆರಿಕದ ನೆಲದ್ದು.

ಅಂಗಡಿಯ ಡಬ್ಬಿಗಳ ಮೇಲೆ ‘ಹಾರ್ಡ್ ಕಾಸ್ಟ್’ (ಗಡಸು ಎರಕ) ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಗಡಸಾದಷ್ಟೂ ಒಳ್ಳೆಯದೆಂದು ಕೊಂಡವರ ನಳಿಗೆಯಲ್ಲಿ ಸೀಸ ಮೆತ್ತಿಕೊಳ್ಳುತ್ತದೆ, ಗುರಿ ಚದುರುತ್ತದೆ, ಕೊನೆಗೆ ಎರಕದ ಗುಂಡೇ ಸರಿಯಿಲ್ಲವೆಂಬ ತೀರ್ಮಾನವಾಗುತ್ತದೆ. ಗುಂಡಿನ ದಪ್ಪ ನಳಿಗೆಗೆ ಹೊಂದಿದೆಯೇ ಎಂಬುದನ್ನು ಮೊದಲು ನೋಡಬೇಕು. ಆಮೇಲೆ ಮೂತಿ, ಬುಡ. ಗಡಸಿನ ಸರದಿ ಕೊನೆಗೆ.

ನಳಿಗೆಯ ಅಳತೆ ತೆಗೆಯುವುದು

ತೋಟಾ ತುಂಬಿಡುವ ಮ್ಯಾಗಜಿನ್ ಕೊಳವೆಯಲ್ಲಾಗಲಿ, ಹಾರಿಸುವಾಗ ತೋಟಾ ಕೂರುವ ನಳಿಗೆಯ ಹಿಂತುದಿಯ ಚೇಂಬರ್‌ನಲ್ಲಾಗಲಿ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಿ. ನಳಿಗೆಯನ್ನು ಚೊಕ್ಕ ಮಾಡಿ ಒಳಗೆ ತೆಳುವಾಗಿ ಎಣ್ಣೆ ಸವರಿ. ಉಗುರಿನಿಂದ ಗೀರಿದರೆ ಗೆರೆ ಮೂಡುವಷ್ಟು ಮೆದುವಾದ ಶುದ್ಧ ಸೀಸದ ತುಂಡು ಬೇಕು. ಅದು ನಳಿಗೆಯ ಬಾಯಿಗಿಂತ ಕೂದಲೆಳೆಯಷ್ಟು ದಪ್ಪ ಇರಲಿ. ಲಿವರ್ ತೆರೆದಿಟ್ಟು, ಮರದ ಸುತ್ತಿಗೆಯಿಂದ ಆ ತುಂಡನ್ನು ಬಾಯಿಯೊಳಗೆ ತಟ್ಟಿ ಕೂರಿಸಿ, ಹಿತ್ತಾಳೆ ಸರಳಿನಿಂದ ನಿಧಾನವಾಗಿ ಚೇಂಬರ್‌ವರೆಗೆ ತಳ್ಳಿ. ಮರದ ಕೋಲು ಬೇಡ. ಅದು ಓರೆಯಾಗಿ ಸೀಳಿದರೆ ಒಳಗೇ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಮಾರ್ಲಿನ್ 336ರಲ್ಲಿ ಲಿವರ್‌ನ ಸ್ಕ್ರೂ ಬಿಚ್ಚಿದರೆ ಚೇಂಬರ್ ಮುಚ್ಚುವ ಬೋಲ್ಟ್ ಹಿಂದಕ್ಕೆ ಹೊರಬರುವುದರಿಂದ ಚೇಂಬರ್ ಕಡೆಯಿಂದಲೂ ಕೆಲಸ ಮಾಡಬಹುದು.

ತಳ್ಳುವಾಗ ಕೈಗೆ ಸಿಗುವ ಬಿಗಿಯನ್ನು ಗಮನಿಸಿ. ನಳಿಗೆಯ ಮೇಲೆ ಗುರಿ ಹಿಡಿಯುವ ಸೈಟ್ ಕೂರಿಸಿದ ಜಾಗದಲ್ಲಿ, ಮ್ಯಾಗಜಿನ್ ಪಟ್ಟಿಯ ಜಾಗದಲ್ಲಿ ಕೆಲವು ನಳಿಗೆಗಳು ಒಳಗೆ ಸ್ವಲ್ಪ ಬಿಗಿಯಾಗಿರುತ್ತವೆ. ಹೊರಬಂದ ತುಂಡಿನ ಅತಿ ದಪ್ಪ ಭಾಗವನ್ನು ಮೈಕ್ರೊಮೀಟರ್‌ನಲ್ಲಿ ಅಳೆಯಿರಿ. ಇಂಚಿನ ಸಾವಿರದ ಒಂದು ಭಾಗದ ಲೆಕ್ಕಕ್ಕೆ ಮಾಮೂಲಿ ಕ್ಯಾಲಿಪರ್ ಸಾಲದು.

ಬಂದ ಅಳತೆಗೆ .001ರಿಂದ .002 ಇಂಚು ಸೇರಿಸಿದರೆ ಅದೇ ನಿಮ್ಮ ಗುಂಡಿನ ದಪ್ಪ. ನಳಿಗೆ .308 ಇದ್ದರೆ .309 ಅಥವಾ .310 ಗುಂಡು. ಮಾರ್ಲಿನ್‌ನ ‘ಮೈಕ್ರೊ-ಗ್ರೂವ್’ ನಳಿಗೆಗಳಲ್ಲಿ ಗುಂಡನ್ನು ತಿರುಗಿಸುವ ಒಳತೋಡುಗಳು ಹೆಚ್ಚು, ಆಳ ಕಡಿಮೆ. ಅವಕ್ಕೆ .310, ಕೆಲವಕ್ಕೆ .311 ಬೇಕಾಗುತ್ತದೆ. ಮೈಕ್ರೊ-ಗ್ರೂವ್‌ನಲ್ಲಿ ಎರಕದ ಗುಂಡು ನಡೆಯುವುದಿಲ್ಲವೆಂಬ ಹಳೆಯ ಮಾತಿದೆ. ತೆಳ್ಳಗಿನ ಗುಂಡು ನಡೆಯುವುದಿಲ್ಲ, ಅಷ್ಟೇ.

ದಪ್ಪಕ್ಕೂ ಒಂದು ಮಿತಿಯಿದೆ. ಅದೇ ರೈಫಲ್‌ನಲ್ಲಿ ಹಾರಿಸಿದ, ಇನ್ನೂ ಡೈಗೆ (ಒತ್ತಿ ಅಳತೆಗೆ ತರುವ ಉಪಕರಣಕ್ಕೆ) ಹಾಕದ ಖಾಲಿ ಕೇಸ್, ಅಂದರೆ ತೋಟಾದ ಹಿತ್ತಾಳೆ ಕವಚ, ತೆಗೆದುಕೊಂಡು ಅದರ ಬಾಯಿಗೆ ಗುಂಡನ್ನು ಬೆರಳಿನಿಂದ ಇಳಿಸಿ. ಸಲೀಸಾಗಿ ಇಳಿದರೆ ಸರಿ. ಇಳಿಯದಿದ್ದರೆ ಆ ಗುಂಡು ಆ ಚೇಂಬರ್‌ಗೆ ತೀರಾ ದಪ್ಪ: ಹಾರಿಸುವಾಗ ಕೇಸಿನ ಕತ್ತು ಹಿಗ್ಗಿ ಗುಂಡನ್ನು ಬಿಡಲು ಜಾಗವಿರದೆ ಒತ್ತಡ ಏರುತ್ತದೆ. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಯಾರೂ ತಪ್ಪಿಸಬಾರದು.

ಮೂತಿ ಚಪ್ಪಟೆಯೇ ಆಗಬೇಕು

ಈ ರೈಫಲ್‌ಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತವೆ. ಹಿಂದಿನದರ ಮೂತಿ ಮುಂದಿನದರ ಬುಡದಲ್ಲಿ ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್‌ಗೆ ತಾಗಿರುತ್ತದೆ. ಚೂಪು ಮೂತಿಯಾದರೆ ಒದೆತದ ಕುಲುಕಿಗೆ ಪ್ರೈಮರ್ ಸಿಡಿದು ಕೊಳವೆಯೇ ಸ್ಫೋಟಿಸಬಹುದು. ತೋಟಾ ಹಗುರವಾದರೂ ಈ ನಿಯಮ ಸಡಿಲವಾಗುವುದಿಲ್ಲ. ಗುಂಡು ಎರೆಯುವ ಅಚ್ಚಿನ ಹೆಸರಿನಲ್ಲಿ ‘ಫ್ಲಾಟ್ ನೋಸ್’ ಎಂದಿದೆಯೇ ನೋಡಿ. ಗುಂಡಿನ ಮೈಮೇಲೆ ಕ್ರಿಂಪ್ ತೋಡೂ ಇರಲಿ. ಕೇಸಿನ ಬಾಯಿಯನ್ನು ಆ ತೋಡಿಗೆ ಮಡಚಿ ಹಿಡಿಸದಿದ್ದರೆ ಕೊಳವೆಯ ಸ್ಪ್ರಿಂಗ್ ಗುಂಡನ್ನು ಕೇಸಿನೊಳಕ್ಕೆ ತಳ್ಳಿಬಿಡುತ್ತದೆ.

ತೂಕ, ಬುಡ

ಲೈಮನ್ ಕಂಪನಿಯ 311041 ಅಚ್ಚು .30-30ಗೆ ಹೇಳಿ ಮಾಡಿಸಿದ್ದು. ಅದರ ಗುಂಡು 170 ಗ್ರೇನ್ ಆಸುಪಾಸು. ಲೀ ಕಂಪನಿಯ 150 ಮತ್ತು 170 ಗ್ರೇನ್‌ನ ಚಪ್ಪಟೆ ಮೂತಿಯ ಅಚ್ಚುಗಳು ಅಗ್ಗ, ಕೆಲಸಕ್ಕೆ ಬರುತ್ತವೆ. ಇವೆಲ್ಲ ಬುಡಕ್ಕೆ ‘ಗ್ಯಾಸ್ ಚೆಕ್’ ಎಂಬ ತಾಮ್ರದ ಪುಟ್ಟ ಬಟ್ಟಲು ತೊಡಿಸುವ ವಿನ್ಯಾಸಗಳು. ಬಿಸಿ ಅನಿಲ ಸೀಸದ ಬುಡವನ್ನು ಕೊರೆಯದಂತೆ ಅದು ತಡೆಯುತ್ತದೆ. 1,500 ಅಡಿ ದಾಟುವುದಾದರೆ ಅದು ಬೇಕೇ ಬೇಕು. 1,200 ಅಡಿಯೊಳಗೆ ಸಾದಾ ಬುಡದ ಗುಂಡೇ ಸಾಕು, ಒಂದೊಂದು ಬಟ್ಟಲಿನ ಖರ್ಚೂ ಉಳಿಯುತ್ತದೆ. .32-20 ತೋಟಾಕ್ಕೆಂದು ಮಾಡಿದ ಲೈಮನ್ 311008 ಅಂಥದ್ದು: 115 ಗ್ರೇನ್, ಸಾದಾ ಬುಡ, ಚಪ್ಪಟೆ ಮೂತಿ. ಆದರೆ ಗುಂಡು ಗಿಡ್ಡವಾದರೆ ತೋಟಾವೂ ಗಿಡ್ಡ, ಮ್ಯಾಗಜಿನ್‌ನಿಂದ ಏರುವಾಗ ಸಿಕ್ಕಿಕೊಳ್ಳಬಹುದು. ಮದ್ದು, ಪ್ರೈಮರ್ ಎರಡೂ ಇಲ್ಲದ ಡಮ್ಮಿ ತೋಟಾ ನಾಲ್ಕೈದು ಮಾಡಿ ಲಿವರ್ ಆಡಿಸಿ ನೋಡಿ. .30-30 ತೋಟಾದ ಒಟ್ಟು ಉದ್ದದ ಗರಿಷ್ಠ ಮಿತಿ 2.550 ಇಂಚು.

ವಿಂಚೆಸ್ಟರ್ 94ರ ತೋಡುಗಳು 12 ಇಂಚಿಗೆ ಒಂದು ಸುತ್ತು ತಿರುಗುತ್ತವೆ. 170 ಗ್ರೇನ್‌ವರೆಗೆ ಆ ತಿರುವು ಕಡಿಮೆ ವೇಗದಲ್ಲೂ ಸಾಕು. ಅದಕ್ಕಿಂತ ಬಹಳ ಉದ್ದದ ಗುಂಡು 1,000 ಅಡಿಯಲ್ಲಿ ತೂರಾಡಿ, ಗುರಿಯ ಕಾಗದದಲ್ಲಿ ದುಂಡು ತೂತಿನ ಬದಲು ಅಡ್ಡ ಸೀಳು ಬೀಳಬಹುದು.

ಗಡಸು ಎಷ್ಟು?

ಲೋಹದ ಗಡಸನ್ನು ಹೇಳುವ ಬ್ರಿನೆಲ್ ಅಳತೆಯಲ್ಲಿ ಶುದ್ಧ ಸೀಸ 5. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸಿದರೆ ಸುಮಾರು 10. 90 ಪಾಲು ಸೀಸ, 5 ತವರ, 5 ಆಂಟಿಮನಿಯ ‘ಲೈಮನ್ ನಂ. 2’ ಮಿಶ್ರಣ 15. ಅಚ್ಚುಮೊಳೆಯ ಲಿನೊಟೈಪ್ ಲೋಹ 22. ಹಗುರ ತೋಟಾಕ್ಕೆ 8ರಿಂದ 12 ಸಾಕು. ಮದ್ದಿನ ಒತ್ತಡಕ್ಕೆ ಗುಂಡಿನ ಬುಡ ತುಸು ಉಬ್ಬಿ ತೋಡುಗಳನ್ನು ತುಂಬಬೇಕು, ಅನಿಲ ಪಕ್ಕದಿಂದ ನುಸುಳಬಾರದು. ಬ್ರಿನೆಲ್ ಅಂಕಿಯನ್ನು 1,422ರಿಂದ ಗುಣಿಸಿದರೆ ಗುಂಡು ಮಣಿಯುವ ಒತ್ತಡ ಚದರ ಇಂಚಿಗೆ ಇಷ್ಟು ಪೌಂಡ್ ಎಂದು ಅಂದಾಜು ಸಿಗುತ್ತದೆ: 10 ಇದ್ದರೆ 14,000ದ ಸುಮಾರು, 22 ಇದ್ದರೆ 31,000. ಹಗುರ ತೋಟಾದ ಒತ್ತಡ ಈ ಎರಡನೇ ಅಂಕಿಯ ಹತ್ತಿರವೂ ಹೋಗುವುದಿಲ್ಲ. ತೆಳ್ಳಗಿದ್ದು ಗಡಸೂ ಆದ ಗುಂಡು ಅದಕ್ಕೇ ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಕಾರಿನ ಚಕ್ರದ ಹಳೆಯ ತೂಕಗಳನ್ನು ಕರಗಿಸುವವರು ಸತುವಿನವನ್ನು ಆರಿಸಿ ತೆಗೆಯಬೇಕು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಸತು 420ಕ್ಕೆ. ಪಾತ್ರೆಯ ಬಿಸಿಯನ್ನು 420ಕ್ಕಿಂತ ಕಡಿಮೆ ಇಟ್ಟರೆ ಸತು ತೇಲುತ್ತದೆ, ಎತ್ತಿ ಹಾಕಬಹುದು. ಬೆರೆತರೆ ಆ ಲೋಹ ಅಚ್ಚಿನ ಮೂಲೆಗಳನ್ನು ಸರಿಯಾಗಿ ತುಂಬುವುದಿಲ್ಲ. ಗಾಳಿ ಆಡುವ ಜಾಗ, ಕಣ್ಣಿಗೆ ಕನ್ನಡಕ, ಕೈಗೆ ಗವಸು. ಪಾತ್ರೆಯ ಹತ್ತಿರ ಒಂದು ಹನಿ ನೀರೂ ಬೇಡ, ಕಾದ ಸೀಸ ಸಿಡಿಯುತ್ತದೆ. ಕೆಲಸದ ನಡುವೆ ತಿನ್ನುವುದು, ಕುಡಿಯುವುದು ಬೇಡ. ಮಕ್ಕಳು ಆ ಕೋಣೆಗೆ ಬರಕೂಡದು.

ಗುಂಡಿನ ತೋಡುಗಳಿಗೆ ಜೇನುಮೇಣ ಮತ್ತು ಆಲಾಕ್ಸ್ (ಪೆಟ್ರೋಲಿಯಂ ಮೂಲದ ಜಿಡ್ಡು) ಸಮಪಾಲಿನ ಜಿಡ್ಡು ಬಹುಕಾಲದಿಂದ ನಡೆದುಬಂದದ್ದು. ಜಿಡ್ಡಿನ ಬದಲು ಪುಡಿ ಬಣ್ಣ ಬಳಿದು ಕಾಯಿಸುವ ಪೌಡರ್ ಕೋಟಿಂಗ್ ಮಾಡುವವರು ಗುಂಡಿನ ದಪ್ಪ ಹೆಚ್ಚುವುದನ್ನು ಮರೆಯದೆ ಮತ್ತೆ ಸೈಜಿಂಗ್ ಡೈಯಲ್ಲಿ ಹಾಯಿಸಬೇಕು.

ಕೂರಿಸುವಾಗ ಕೆಡುವುದು

ಸರಿಯಾದ ಗುಂಡು ತಂದೂ ಫಲ ಸಿಗದಿದ್ದರೆ ಕೇಸಿನ ಕತ್ತನ್ನು ಅನುಮಾನಿಸಿ. ಹೊದಿಕೆಯ ಗುಂಡಿಗೆ ಮಾಡಿದ ಡೈ ಕತ್ತನ್ನು ಬಿಗಿಯಾಗಿಸುತ್ತದೆ, ಅದರೊಳಗೆ .310ರ ಮೆದು ಗುಂಡು ಹಿಸುಕಿಕೊಂಡು .308 ಆಗಿಬಿಡುತ್ತದೆ. ಲೈಮನ್ ‘ಎಂ’ ಡೈಯಂಥ ಎಕ್ಸ್‌ಪ್ಯಾಂಡರ್‌ನಿಂದ ಕತ್ತನ್ನು ಹಿಗ್ಗಿಸಿ, ಬಾಯಿಯನ್ನು ತುಸು ಅಗಲಿಸಿ. ಒಂದು ಗುಂಡನ್ನು ಕೂರಿಸಿ, ಹೊರಗೆಳೆದು ಮತ್ತೆ ಅಳೆದರೆ ಅನುಮಾನ ಬಗೆಹರಿಯುತ್ತದೆ.

ಮದ್ದಿನ ಪ್ರಮಾಣವನ್ನು ಆ ತೂಕದ ಎರಕದ ಗುಂಡಿಗೆಂದೇ ಅಚ್ಚಾದ ಕೈಪಿಡಿಯಿಂದ ಮಾತ್ರ ತೆಗೆದುಕೊಳ್ಳಿ. ಅಂದಾಜಿಗೆ ಇಳಿಸುವುದೂ ಏರಿಸುವುದಷ್ಟೇ ಅಪಾಯ: ತೀರಾ ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ನಿಂತು, ಮುಂದಿನದು ಅದಕ್ಕೆ ಬಡಿದು ನಳಿಗೆ ಉಬ್ಬುತ್ತದೆ. ಬೇಗ ಉರಿಯುವ ಮದ್ದು ಈ ಕೇಸಿನ ತಳದಲ್ಲಷ್ಟೇ ಇರುತ್ತದೆ, ಎರಡು ಸಲ ಬಿದ್ದರೂ ಉಕ್ಕುವುದಿಲ್ಲ. ಗುಂಡು ಕೂರಿಸುವ ಮುನ್ನ ಕೇಸುಗಳನ್ನು ಸಾಲಾಗಿ ನಿಲ್ಲಿಸಿ ಟಾರ್ಚ್ ಬಿಟ್ಟು ಪ್ರತಿಯೊಂದರ ಒಳಗೂ ನೋಡಿ.

ಮೊದಲು ಹತ್ತೇ ತೋಟಾ ತುಂಬಿ. 50 ಗಜದಲ್ಲಿ ಹಾರಿಸಿ, ರೈಫಲ್ ಖಾಲಿ ಮಾಡಿ, ನಳಿಗೆಯೊಳಗೆ ಬೆಳಕು ಬಿಡಿ. ಚೇಂಬರ್ ಹತ್ತಿರವೇ ಸೀಸ ಮೆತ್ತಿದ್ದರೆ ಗುಂಡು ತೆಳ್ಳಗಾಗಿದೆ. ಬಾಯಿಯ ಹತ್ತಿರ ಮಾತ್ರ ಮೆತ್ತಿದ್ದರೆ ಜಿಡ್ಡು ಸಾಲದೆ ಹೋಗಿದೆ. ಸೀಸವೇ ಇಲ್ಲದೆ ಗುರಿ ಚದುರಿದರೆ .001 ಇಂಚು ಹೆಚ್ಚು ದಪ್ಪದ ಗುಂಡು ಹಾಕಿ ನೋಡಿ, ಅದೂ ಖಾಲಿ ಕೇಸಿನ ಪರೀಕ್ಷೆಯಲ್ಲಿ ಪಾಸಾದರೆ. ಪೂರ್ತಿ ಬಲದ ತೋಟಾಕ್ಕೆ ಹೊಂದಿಸಿದ ಸೈಟ್‌ನಲ್ಲಿ ಇವು ಬೇರೆ ಕಡೆ ಬೀಳುತ್ತವೆ. ಹಿಂದಿನ ಸೈಟ್‌ನ ಮೆಟ್ಟಿಲನ್ನು ಎಷ್ಟು ಏರಿಸಿದಿರೆಂಬುದನ್ನೂ ಗುಂಡಿನ ದಪ್ಪ, ಮಿಶ್ರಣ, ಮದ್ದಿನ ಹೆಸರು ಮತ್ತು ತೂಕವನ್ನೂ ತೋಟಾದ ಡಬ್ಬಿಯ ಮೇಲೆ ಬರೆದಿಡಿ.