ಚಾರ್ಜ್ ಇದ್ದರೂ ಏಳದ ಎಲೆಕ್ಟ್ರಿಕ್ ಕಾರು: 12 ವೋಲ್ಟ್ ಬ್ಯಾಟರಿ ಬಿಚ್ಚಿದ ಕ್ರಮ

ಮೂರು ವಾರ ನಿಲ್ಲಿಸಿದ್ದ ಕಾರು. ದೊಡ್ಡ ಬ್ಯಾಟರಿಯಲ್ಲಿ 60% ಚಾರ್ಜ್ ಇತ್ತು, ಆದರೂ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡ್ ಮಿಣುಕಿ ಆರಿಹೋಗುತ್ತಿತ್ತು, ರಿಲೇ ಟಕಟಕ ಅನ್ನುತ್ತಿತ್ತು.

ಕೀಯ ಸೆಲ್ ಬದಲಿಸಿದೆ, ಪ್ರಯೋಜನವಿಲ್ಲ. ಚಾರ್ಜರ್ ಚುಚ್ಚಿದರೆ ಶುರುವಾಗಲೇ ಇಲ್ಲ. ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, ಕೂಡಿಕೊಳ್ಳಲಿಕ್ಕೂ 12 ವೋಲ್ಟಿನ ಸಣ್ಣ ಬ್ಯಾಟರಿಯೇ ಬೇಕು. ಆ ಸಣ್ಣ ಬ್ಯಾಟರಿಗೆ ಹೊರಗಿನಿಂದ ಕರೆಂಟ್ ಕೊಟ್ಟರೆ (ಜಂಪ್) ಎದ್ದಿತು, ಮರುದಿನ ಮತ್ತೆ ಅದೇ ಕತೆ.

ಕೊನೆಗೆ ಬಿಚ್ಚಿದೆ. ಜಂಪ್ ಕೊಟ್ಟು ಗಾಜು ಇಳಿಸಿ, ಬಾನೆಟ್ ತೆರೆದಿಟ್ಟು, ಕಾರು ಆಫ್ ಮಾಡಿದೆ. ಕೀ ಮನೆಯೊಳಗೆ. 15 ನಿಮಿಷ ಕಾದೆ, ಆಫ್ ಆದ ಕೂಡಲೇ ಒಳಗಿನ ಕಂಪ್ಯೂಟರುಗಳು ಮಲಗುವುದಿಲ್ಲ. ಆಮೇಲೆ 10ನೇ ನಂಬರ್ ಸ್ಪ್ಯಾನರಿನಲ್ಲಿ ಮೊದಲು ಮೈನಸ್. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಖಂಡಿತ. ಬಿಚ್ಚಿದ ಮೈನಸ್ ವೈರು ತಾನಾಗಿ ಟರ್ಮಿನಲ್ ಕಡೆಗೇ ವಾಲುತ್ತಿತ್ತು, ಹಳೇ ಬನಿಯನ್ ಸುತ್ತಿ ಪಕ್ಕಕ್ಕೆ ಸಿಕ್ಕಿಸಿದೆ. ನಂತರ ಪ್ಲಸ್, ಕೊನೆಗೆ ಬುಡದ ಕ್ಲ್ಯಾಂಪ್. ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ, ಅದರಲ್ಲಿ ನೂರಾರು ವೋಲ್ಟ್.

ಮೀಟರ್ ಇಟ್ಟರೆ 10.6 ವೋಲ್ಟ್. ರಾತ್ರಿಯಿಡೀ ಚಾರ್ಜ್ ಮಾಡಿದರೂ ಮಧ್ಯಾಹ್ನಕ್ಕೆ 11.8ಕ್ಕೆ ಇಳಿಯಿತು. ಅಷ್ಟೇ ಆಂಪಿಯರ್-ಅವರ್‌ನ ಹೊಸದನ್ನು ಕೂರಿಸಿದೆ: ಪ್ಲಸ್ ಮೊದಲು, ಮೈನಸ್ ಕೊನೆಗೆ. ಒಂದೇ ಒತ್ತಿಗೆ ಗಾಜು ತಾನಾಗಿ ಏರಿಳಿಯುವುದು ನಿಂತಿತ್ತು; ಪೂರ್ತಿ ಏರಿಸಿ ಬಟನ್ ಐದು ಸೆಕೆಂಡ್ ಹಿಡಿದಾಗ ಸರಿಹೋಯಿತು. ಸದಾ ಕರೆಂಟ್ ಇರುವ ಫ್ಯೂಸಿಗೆ ನಾನೇ ಜೋಡಿಸಿದ್ದ ಡ್ಯಾಶ್‌ಕ್ಯಾಮ್ ವೈರನ್ನು, ಕಾರು ನಿಂತಾಗಲೂ ಬ್ಯಾಟರಿ ಹೀರದಿರಲೆಂದು, ಕಾರು ಆನ್ ಇದ್ದಾಗ ಮಾತ್ರ ಕರೆಂಟ್ ಬರುವ ಇಗ್ನಿಷನ್ ಫ್ಯೂಸಿಗೆ ಬದಲಿಸಿದ್ದೇನೆ.