ರಸೀದಿ ಪುಸ್ತಕದಲ್ಲಿ ಮೂರು ಹಾಳೆ ಇರಲಿಲ್ಲ

ನಮ್ಮದು ಸಣ್ಣ ಟ್ರಸ್ಟ್. ಹಳ್ಳಿ ಮಕ್ಕಳಿಗೆ ಸಂಜೆ ಪಾಠ ಹೇಳಿಸುತ್ತೇವೆ. ಟ್ರಸ್ಟಿಗಳು ಐದು ಜನ, ಸಂಬಳಕ್ಕೆ ಒಬ್ಬರೇ. ರಸೀದಿ ಬರೆಯುವುದು, ಹಣ ಬ್ಯಾಂಕಿಗೆ ಕಟ್ಟುವುದು, ಕ್ಯಾಶ್‌ಬುಕ್ ಬರೆಯುವುದು, ಪಾಸ್‌ಬುಕ್ ಇಟ್ಟುಕೊಳ್ಳುವುದು ಎಲ್ಲ ಅವರದೇ. ಖಜಾಂಚಿಯಾಗಿದ್ದ ನಾನು ಊರಿಗೆ ಹೋಗುವಾಗ ನಾಲ್ಕೈದು ಖಾಲಿ ಚೆಕ್‌ಗೆ ಸಹಿ ಹಾಕಿ ಕೊಟ್ಟು ಹೋಗುತ್ತಿದ್ದೆ.

2022ರ ಮೇ ತಿಂಗಳು. 80ಜಿ, ಅಂದರೆ ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ ಮಾನ್ಯತೆ ಇರುವ ಸಂಸ್ಥೆಗಳು ದಾನಿಗಳ ಪಟ್ಟಿಯನ್ನು 10ಬಿಡಿ ಫಾರ್ಮಿನಲ್ಲಿ ತೆರಿಗೆ ಇಲಾಖೆಗೆ ಕೊಡಬೇಕಾದ ಮೊದಲ ವರ್ಷ ಅದು. ಪ್ಯಾನ್ ನಂಬರ್ ಕೇಳಿ ಎಲ್ಲರಿಗೂ ಫೋನ್ ಮಾಡುತ್ತಿದ್ದೆ. ಒಬ್ಬ ನಿವೃತ್ತ ಮೇಷ್ಟ್ರು ತಾವಾಗಿಯೇ ಫೋನ್ ಮಾಡಿದರು. "ನನ್ನನ್ನ ಯಾಕೆ ಬಿಟ್ರಿ? ನಾನೂ ಎರಡು ಸಾವಿರ ಕೊಟ್ಟಿದ್ದೆನಲ್ಲ, ರಸೀದಿ ಇದೆ."

ನಂಬರ್ ಕೇಳಿದೆ. 147. ಪುಸ್ತಕ ತೆಗೆದು ನೋಡಿದರೆ 146 ಆದ ಮೇಲೆ 150. ಪುಸ್ತಕದಲ್ಲೇ ಉಳಿಯಬೇಕಾದ ನಡುವಿನ ಮೂರು ಅರ್ಧಪ್ರತಿಗಳೂ ಇಲ್ಲ. ಹೊಲಿಗೆ ಹತ್ತಿರ ಹರಿದ ಕಾಗದದ ಚೂರು ಮಾತ್ರ ಅಂಟಿಕೊಂಡಿತ್ತು.

ಆಮೇಲೆ ಪಾಸ್‌ಬುಕ್ ಹಿಡಿದು ಕೂತೆ. ನಾನೇ ಸಹಿ ಹಾಕಿದ್ದ ಒಂದು ಸೆಲ್ಫ್ ಚೆಕ್‌ನಲ್ಲಿ (ಬ್ಯಾಂಕಿನಿಂದ ನಗದು ತೆಗೆಯುವ ಚೆಕ್) 18,000 ತೆಗೆದಿತ್ತು. ವೋಚರ್‌ನಲ್ಲಿ, ಅಂದರೆ ಖರ್ಚಿನ ಚೀಟಿಯಲ್ಲಿ, "ಮುದ್ರಣ ಖರ್ಚು" ಅಂತ ಇತ್ತು, ಬಿಲ್ ಇರಲಿಲ್ಲ. ಕೇಳಿದಾಗ ಲೆಕ್ಕ ಬರೆಯುತ್ತಿದ್ದ ಆ ಸಂಬಳದವರು ಅತ್ತುಬಿಟ್ಟರು. ಮನೆಯಲ್ಲಿ ಕಷ್ಟ ಇತ್ತು, ತಿರುಗಿ ಕಟ್ಟೋಣ ಅಂತಲೇ ತಗೊಂಡೆ ಅಂದರು. ಕಂತಿನಲ್ಲಿ ಕಟ್ಟಿದರು ಕೂಡ, ಆದರೆ ಕೆಲಸ ಬಿಡಬೇಕಾಯಿತು. ಇದರಲ್ಲಿ ನನ್ನ ತಪ್ಪೂ ಇದೆ. ಕಷ್ಟದಲ್ಲಿದ್ದವರ ಕೈಗೆ ಸಹಿ ಮಾಡಿದ ಖಾಲಿ ಚೆಕ್ ಕೊಟ್ಟವನು ನಾನು. ಆಡಿಟರ್ ಇದ್ದರಲ್ವಾ ಅಂತ ಕೇಳಬಹುದು. ಅವರು ಬರುವುದು ವರ್ಷಕ್ಕೊಮ್ಮೆ, ನೋಡುವುದು ನಾವು ಮುಂದಿಟ್ಟ ಕಾಗದವನ್ನೇ.

ಖಾಲಿ ಚೆಕ್ ಅವತ್ತೇ ನಿಂತಿತು. ಈಗ ಇಬ್ಬರ ಸಹಿ ಬೇಕು, ಅದೂ ಬಿಲ್ ನೋಡಿದ ಮೇಲೆ. ಬ್ಯಾಂಕಿನ ಎಸ್ಸೆಮ್ಮೆಸ್ ಟ್ರಸ್ಟಿಯ ಮೊಬೈಲಿಗೇ ಬರುತ್ತದೆ. ರಸೀದಿ ಪುಸ್ತಕಗಳು ಕಾರ್ಯದರ್ಶಿ ಬೀರುವಿನಲ್ಲಿರುತ್ತವೆ. ಒಂದು ಮುಗಿಸಿ ತಂದುಕೊಟ್ಟರೆ ಇನ್ನೊಂದು. ಕೆಟ್ಟುಹೋದ ರಸೀದಿಯನ್ನು ಹರಿದು ಹಾಕುವ ಹಾಗಿಲ್ಲ, ಗೀಟು ಹಾಕಿ ಅಲ್ಲೇ ಪಿನ್ ಮಾಡಬೇಕು. ಬಂದ ನಗದು ಪೂರ್ತಿ ಬ್ಯಾಂಕಿಗೆ. ಅದರಲ್ಲೇ ಚಹಾಕ್ಕೆ, ಆಟೋಕ್ಕೆ ಕೊಡುವಂತಿಲ್ಲ. ಚಿಲ್ಲರೆ ಖರ್ಚಿಗೆ 3,000 ಬೇರೆ ಇದೆ, ವೋಚರ್ ಇದ್ದಷ್ಟೇ ಮತ್ತೆ ತುಂಬುತ್ತೇವೆ. ಕ್ಯೂಆರ್ ಕೋಡ್ ಟ್ರಸ್ಟ್ ಖಾತೆಯದೇ, ಯಾರ ಸ್ವಂತ ನಂಬರಿಗೂ ಹಣ ಹಾಕಿಸುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಗಿದ್ದು ತಿಂಗಳ ಮೊದಲ ಭಾನುವಾರದ ಅರ್ಧ ಗಂಟೆ. ಲೆಕ್ಕ ಬರೆಯದ ಒಬ್ಬ ಟ್ರಸ್ಟಿ ಬಂದು ಪಾಸ್‌ಬುಕ್, ಕ್ಯಾಶ್‌ಬುಕ್, ರಸೀದಿ ಮೂರನ್ನೂ ತಾಳೆ ನೋಡಿ ಸಹಿ ಹಾಕುತ್ತಾರೆ. ಹಿರಿಯ ಟ್ರಸ್ಟಿಯೊಬ್ಬರಿಗೆ ಮೊದಮೊದಲು ಬೇಜಾರಾಗಿತ್ತು. "ನಮ್ಮವರನ್ನೇ ಅನುಮಾನಿಸೋದಾ?" ಅಂದಿದ್ದರು. ನನ್ನ ಲೆಕ್ಕವನ್ನೇ ಮೊದಲು ನೋಡಿ ಅಂತ ಅವರ ಮುಂದಿಟ್ಟೆ. ಮರುಮಾತಾಡದೆ ಕನ್ನಡಕ ಹಾಕಿಕೊಂಡರು.

ಹೋದ ತಿಂಗಳು ಮದುವೆ ಓಡಾಟದಲ್ಲಿ ಯಾರೂ ಹೋಗಿರಲಿಲ್ಲ. ಈಗ ಲೆಕ್ಕ ಬರೆಯುವ ಹುಡುಗಿಯೇ ಸೋಮವಾರ ಬೆಳಿಗ್ಗೆ ಫೋನ್ ಮಾಡಿದಳು. "ಸಾರ್, ತಾಳೆ ನೋಡೋಕೆ ಯಾರೂ ಬರ್ಲಿಲ್ಲ. ಪುಸ್ತಕ ತೆಗೆದಿಟ್ಟಿದೀನಿ, ಬರ್ತೀರಾ?" ಹೋಗಿ ನೋಡಿ ಸಹಿ ಹಾಕಿ ಬಂದೆ.